ಕೆಜಿಗೆ ಎಷ್ಟು ಕಿಲೋಮೀಟರ್? ಹೈಡ್ರೋಜನ್ ಕಾರಿನ ಮೈಲೇಜ್ ಲೆಕ್ಕ ನಡೆದುಬಂದ ದಾರಿ

‘ಎಷ್ಟು ಕೊಡ್ತದರೀ?’ ಸಿಂಧನೂರಿನ ಬಂಕಿನಲ್ಲಾಗಲಿ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಮುಂದಾಗಲಿ ಹೊಸ ಗಾಡಿ ಬಂದು ನಿಂತರೆ ಈ ಮಾತು ಬಂದೇ ಬರುತ್ತದೆ. ಪೆಟ್ರೋಲ್, ಡೀಸೆಲ್ ಗಾಡಿಯವರು ಒಂದು ಅಂಕಿ ಹೇಳಿ ಮುಗಿಸುತ್ತಾರೆ. ಹೈಡ್ರೋಜನ್ ಕಾರಿನವರಿಗೆ ಅಷ್ಟು ಸಲೀಸಲ್ಲ. ಟೊಯೊಟಾ ಕಂಪನಿಯ ಎರಡನೇ ತಲೆಮಾರಿನ ‘ಮಿರಾಯ್’ ಕಾರನ್ನೇ ತೆಗೆದುಕೊಳ್ಳಿ. ಜಪಾನಿನ ಅಧಿಕೃತ ಪಟ್ಟಿಯಲ್ಲಿ ಅದು ಕೆಜಿ ಹೈಡ್ರೋಜನ್ನಿಗೆ 152 ಕಿ.ಮೀ. ಓಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತುಂಬಿದ ಟ್ಯಾಂಕಿಗೆ 402 ಮೈಲಿ ಎಂದು ಬರೆದಿದೆ. ಅದನ್ನು ಟ್ಯಾಂಕಿನಲ್ಲಿ ಹಿಡಿಸುವ 5.6 ಕೆಜಿಯಿಂದ ಭಾಗಿಸಿದರೆ ಕೆಜಿಗೆ ಸಿಗುವುದು ಸುಮಾರು 115 ಕಿ.ಮೀ. 2021ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಒಮ್ಮೆ ತುಂಬಿಸಿ 1,003 ಕಿ.ಮೀ. ಓಡಿಸಿದರು, ಆಗ ಕೆಜಿಗೆ 180ರ ಆಸುಪಾಸು ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 5.65 ಕೆಜಿಗೆ 1,360 ಕಿ.ಮೀ. ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು, ಅಂದರೆ ಕೆಜಿಗೆ 240.

ಒಂದೇ ಕಾರು, 115ರಿಂದ 240ರವರೆಗೆ. ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಅಳೆದ ಬಗೆ ಬೇರೆ, ಓಡಿಸಿದ ಕಾಲು ಬೇರೆ. ಹಾಗಾಗಿ ಇಂಥ ಕಾರಿನ ಮೈಲೇಜನ್ನು ಅಳೆಯುವ ವಿದ್ಯೆ ಹೇಗೆ ಬೆಳೆದುಬಂತು ಎಂದು ತಿಳಿಯದೆ ಅಂಕಿಯನ್ನು ನಂಬುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ಪೆಟ್ರೋಲ್ ಕಾರಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಏರಿಳಿತದಲ್ಲಿ ಓಡಿಸಿ, ಹೊಗೆಯನ್ನು ಚೀಲದಲ್ಲಿ ಹಿಡಿದು, ಅದರಲ್ಲಿರುವ ಇಂಗಾಲದಿಂದ ಎಷ್ಟು ಇಂಧನ ಸುಟ್ಟಿತೆಂದು ಹಿಂಲೆಕ್ಕ ಹಾಕುವುದು ಹಳೆಯ ಕ್ರಮ. ಈ ಅಂಕಿ ರಸ್ತೆಯಲ್ಲಿ ಸಿಗುವುದಿಲ್ಲ ಎಂಬ ದೂರು ಶುರುವಿನಿಂದಲೂ ಇತ್ತು. ಅಮೆರಿಕ 1985ರಲ್ಲಿ ಊರೊಳಗಿನ ಅಂಕಿಯಿಂದ ಶೇ 10, ಹೆದ್ದಾರಿಯ ಅಂಕಿಯಿಂದ ಶೇ 22 ಕಳೆಯಲು ತೊಡಗಿತು. 2008ರ ಮಾದರಿಗಳಿಂದ ಜೋರು ವೇಗ, ಏಸಿ, ಚಳಿ ಮೂರನ್ನೂ ಲೆಕ್ಕಕ್ಕೆ ಸೇರಿಸಿತು. ಯುರೋಪು ತಡಮಾಡಿತು. ಅಲ್ಲಿ ಪ್ರಯೋಗಾಲಯಕ್ಕೂ ರಸ್ತೆಗೂ ಇದ್ದ ಅಂತರ 2001ರಲ್ಲಿ ಶೇ 9ರಷ್ಟಿದ್ದದ್ದು 2015ರ ಹೊತ್ತಿಗೆ ಶೇ 40 ದಾಟಿತು. 2017ರಲ್ಲಿ ಹೊಸ ಪರೀಕ್ಷಾಕ್ರಮ ಬಂದ ಮೇಲೆ ತುಸು ಸರಿಹೋಯಿತು. ನಮ್ಮ ಜಾಹೀರಾತುಗಳಲ್ಲಿ ಕಾಣುವ ‘ಎಆರ್‌ಎಐ ಮೈಲೇಜ್’ ಹುಟ್ಟಿದ್ದು ಆ ಹಳೆಯ ಯುರೋಪಿನ ಕ್ರಮದಿಂದಲೇ. ಅದರಲ್ಲಿ ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ. ಶೋರೂಮಿನ ಅಂಕಿಯಲ್ಲಿ ನಾಲ್ಕೈದು ಕಳೆದುಕೊಂಡು ಮಾತಾಡುವ ನಮ್ಮ ಕಡೆಯ ಡ್ರೈವರುಗಳು ಈ ಅಂತರವನ್ನು ಯಾವ ಸಂಸ್ಥೆಯೂ ಹೇಳುವ ಮೊದಲೇ ಬಲ್ಲವರಾಗಿದ್ದರು.

ಹೈಡ್ರೋಜನ್ ಕಾರು ಬಂದಾಗ ಈ ಇಡೀ ವಿದ್ಯೆ ಬುಡಸಮೇತ ಅಲುಗಾಡಿತು. ಅದನ್ನು ಓಡಿಸುವ ಫ್ಯೂಯೆಲ್ ಸೆಲ್ಲಿನಲ್ಲಿ ಹೈಡ್ರೋಜನ್ ಉರಿಯುವುದಿಲ್ಲ. ಪೊರೆಯೊಂದರ ಎರಡು ಬದಿಯಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ವಿದ್ಯುತ್ತನ್ನೂ ನೀರನ್ನೂ ಕೊಡುತ್ತದೆ. ಹೊಗೆಕೊಳವೆಯಲ್ಲಿ ಇಂಗಾಲವೇ ಇಲ್ಲದ ಮೇಲೆ ಹಿಂಲೆಕ್ಕ ಯಾವುದರಿಂದ ಹಾಕುವುದು? ನಾವು ಊರಲ್ಲಿ ಮಾಡುವ ಹಾಗೆ ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ನೋಡೋಣವೆಂದರೆ ಅದೂ ಕೈಕೊಡುತ್ತದೆ. ಈ ಟ್ಯಾಂಕಿನಲ್ಲಿರುವುದು 700 ಬಾರ್ ಒತ್ತಡದ ಅನಿಲ. ತುಂಬಿಸುವಾಗ ಅದು ಬಿಸಿಯಾಗುತ್ತದೆ. ಬಿಸಿ ಅನಿಲ ಒತ್ತಡವನ್ನು ಬೇಗ ಮುಟ್ಟಿಸುತ್ತದೆ, ತೂಕವನ್ನು ಮುಟ್ಟಿಸುವುದಿಲ್ಲ. ಅದಕ್ಕೇ ಪಂಪಿನಲ್ಲಿ ಅದನ್ನು ಮೈನಸ್ 40 ಡಿಗ್ರಿಯವರೆಗೆ ತಣಿಸಿ ತುಂಬಿಸುತ್ತಾರೆ. ಹಾಗಿದ್ದೂ ಬೆಳಗಿನ ‘ಫುಲ್’ ಮತ್ತು ಮಧ್ಯಾಹ್ನದ ‘ಫುಲ್’ ಒಂದೇ ಎಂದು ಭರವಸೆ ಕೊಡಲಾಗದು. ಪಂಪಿನ ಮೀಟರೂ ಆರಂಭದಲ್ಲಿ ಅಷ್ಟೇನೂ ನಂಬಿಗಸ್ತನಾಗಿರಲಿಲ್ಲ. ಕ್ಯಾಲಿಫೋರ್ನಿಯಾ ಸರಕಾರ ಮೊದಮೊದಲು ಶೇ 10ರವರೆಗಿನ ತಪ್ಪನ್ನೂ ನಿಯಮದಲ್ಲೇ ಒಪ್ಪಿಕೊಳ್ಳಬೇಕಾಯಿತು.

ಹೀಗಾಗಿ ಮೂರು ದಾರಿ ಹುಟ್ಟಿಕೊಂಡವು. ಮೊದಲನೆಯದು ನೇರ ತಕ್ಕಡಿ: ಕಾರಿನ ಟ್ಯಾಂಕನ್ನು ಬಿಟ್ಟು ಹೊರಗಿನ ಸಿಲಿಂಡರಿನಿಂದ ಹೈಡ್ರೋಜನ್ ಕೊಟ್ಟು, ಓಟದ ಮೊದಲು ಮತ್ತು ಆಮೇಲೆ ಆ ಸಿಲಿಂಡರನ್ನು ತೂಗುವುದು. ಖಚಿತತೆಯಲ್ಲಿ ಇದನ್ನು ಮೀರಿಸಿದ್ದಿಲ್ಲ, ಆದರೆ ಪ್ರಯೋಗಾಲಯದ ಹೊರಗೆ ಇದು ನಡೆಯುವ ಮಾತಲ್ಲ. ಎರಡನೆಯದು ಟ್ಯಾಂಕಿನ ಒತ್ತಡ, ಉಷ್ಣತೆ, ಗಾತ್ರದಿಂದ ಒಳಗಿರುವ ತೂಕ ಕಂಡುಹಿಡಿಯುವುದು. ಮೂರನೆಯದು ಕೊಳವೆಯಲ್ಲಿ ಹರಿವಿನ ಮೀಟರ್ ಇಡುವುದು. ಇವುಗಳ ಪಕ್ಕಕ್ಕೆ ಇನ್ನೊಂದು ಸೊಗಸಾದ ಉಪಾಯವೂ ಇದೆ. ಫ್ಯಾರಡೆಯ ನಿಯಮದ ಪ್ರಕಾರ ಎಷ್ಟು ಕರೆಂಟು ಹರಿಯಿತೋ ಅಷ್ಟಕ್ಕೆ ತಕ್ಕ ಹೈಡ್ರೋಜನ್ ಖರ್ಚಾಗಿರಲೇಬೇಕು; ಸೆಲ್ಲಿನ ಕರೆಂಟನ್ನು ಕೂಡುತ್ತ ಹೋದರೆ ಇಂಧನದ ಲೆಕ್ಕ ತಾನೇ ಬರುತ್ತದೆ. ಸೆಲ್ಲಿನೊಳಗೆ ಸೇರಿಕೊಂಡ ಸಾರಜನಕವನ್ನೂ ನೀರನ್ನೂ ಹೊರಹಾಕುವಾಗ ಸ್ವಲ್ಪ ಹೈಡ್ರೋಜನ್ ವ್ಯರ್ಥವಾಗಿ ಹೋಗುವುದನ್ನು ಮಾತ್ರ ಪ್ರತ್ಯೇಕ ಸೇರಿಸಬೇಕು. ಕಾರಿನಲ್ಲಿರುವ ಪುಟ್ಟ ಬ್ಯಾಟರಿಯನ್ನೂ ಮರೆಯುವಂತಿಲ್ಲ. ಓಟದ ಶುರುವಿನಲ್ಲಿ ತುಂಬಿದ್ದ ಬ್ಯಾಟರಿ ಕೊನೆಗೆ ಬರಿದಾಗಿದ್ದರೆ ಆ ಮೈಲೇಜಿನಲ್ಲಿ ಒಂದಿಷ್ಟು ಸಾಲದ್ದು.

ಅಳತೆ ಸಿದ್ಧವಾದ ಮೇಲೆ ರಸ್ತೆಗಿಳಿಯುವ ಕೆಲಸ. ಇದರಲ್ಲಿ ಹಿರಿಯ ಹೆಜ್ಜೆ ಅಮೆರಿಕದ ಇಂಧನ ಇಲಾಖೆಯದು. 2004ರಿಂದ 2011ರವರೆಗೆ ನಾಲ್ಕು ಕಂಪನಿ ಗುಂಪುಗಳ 183 ವಾಹನಗಳು 36 ಲಕ್ಷ ಮೈಲಿ ಓಡಿದವು. ಐದು ಲಕ್ಷ ಓಡಾಟಗಳ ಮಾಹಿತಿಯನ್ನು ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಒಂದೆಡೆ ಕಲೆಹಾಕಿತು. ಕಾಲು ಭಾಗ ಶಕ್ತಿಯಲ್ಲಿ ಓಡುವಾಗ ಫ್ಯೂಯೆಲ್ ಸೆಲ್ ವ್ಯವಸ್ಥೆಯ ದಕ್ಷತೆ ಶೇ 53ರಿಂದ 59 ಎಂದು ತಿಳಿದದ್ದು ಹೀಗೆ. ಸೆಲ್ ಹಳತಾದಂತೆ ವೋಲ್ಟೇಜು ಇಳಿಯುತ್ತದೆ, ಅದರೊಂದಿಗೆ ಮೈಲೇಜೂ ಇಳಿಯುತ್ತದೆ ಎಂಬುದಕ್ಕೂ ಆಗಲೇ ಅಂಕಿ ಸಿಕ್ಕಿತು: ಶೇ 10ರಷ್ಟು ಕುಸಿಯಲು ಒಳ್ಳೆಯ ಸೆಲ್ಲುಗಳಿಗೂ ಸುಮಾರು 2,500 ಗಂಟೆ ಸಾಕು. ನನ್ನ ಮಟ್ಟಿಗೆ ಇವತ್ತಿಗೂ ಬೆಲೆಯುಳ್ಳದ್ದು ಈ ಸಮೀಕ್ಷೆಯೇ. ದಾಖಲೆ ಓಟಗಳಿಂದ ಜಾಹೀರಾತಿಗೆ ಸಾಮಗ್ರಿ ಸಿಗುತ್ತದೆ, ಕೊಳ್ಳುವವನಿಗೆ ಏನೂ ಸಿಗುವುದಿಲ್ಲ. 2009ರ ಜೂನ್‌ನಲ್ಲಿ ಅದೇ ಪ್ರಯೋಗಾಲಯ ಇನ್ನೊಂದು ಸಂಸ್ಥೆಯೊಡನೆ ಟೊಯೊಟಾದ ಹಳೆಯ ಮಾದರಿಯೊಂದನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ವಾಹನದಟ್ಟಣೆಯ ನಡುವೆಯೇ ಓಡಿಸಿ ಕೆಜಿಗೆ 68.3 ಮೈಲಿ, ಅಂದರೆ ಸುಮಾರು 110 ಕಿ.ಮೀ. ಎಂದು ದಾಖಲಿಸಿತು. ಹನ್ನೊಂದು ವರ್ಷ ಆಮೇಲೆ ಬಂದ ಮಿರಾಯ್‌ನ ಅಮೆರಿಕದ ಅಂಕಿ ಅದಕ್ಕಿಂತ ಬಹಳ ದೂರವೇನೂ ಇಲ್ಲ.

ಓಡಿಸದೆಯೇ ಅಂದಾಜಿಸುವ ಗಣಕ ಮಾದರಿಗಳು 1990ರ ದಶಕದಿಂದ ಜೊತೆಜೊತೆಗೇ ಬೆಳೆದವು. ಗಾಡಿಯ ತೂಕ, ಗಾಳಿಯ ತಡೆ, ಟೈರಿನ ತಡೆ, ವೇಗದ ಏರಿಳಿತ, ಸೆಲ್ಲಿನ ದಕ್ಷತೆ ಕೊಟ್ಟರೆ ಅವು ಇಂಧನದ ಅಂಕಿ ಕೊಡುತ್ತವೆ. ಅದೇ ತರ್ಕವನ್ನು ಕಾಗದ, ಪೆನ್ಸಿಲ್ ಹಿಡಿದು ನಮ್ಮ ದಾರಿಗೆ ಹಚ್ಚಿ ನೋಡೋಣ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಸುಮಾರು 55 ಕಿ.ಮೀ. ಜಪಾನಿನ 152ರ ಲೆಕ್ಕದಲ್ಲಿ ಇದಕ್ಕೆ 362 ಗ್ರಾಂ ಹೈಡ್ರೋಜನ್ ಸಾಕು. ಆದರೆ ತುಂಗಭದ್ರಾ ಎಡದಂಡೆಯ ಗದ್ದೆಗಳಿಂದ ಲಿಂಗಸುಗೂರಿನ ಕಡೆ ನೆಲ ಸುಮಾರು ನೂರು ಮೀಟರ್ ಏರುತ್ತದೆ. ನಾಲ್ವರು ಕುಳಿತ 2,200 ಕೆಜಿ ಗಾಡಿಯನ್ನು ಅಷ್ಟು ಎತ್ತಲು 0.6 ಯೂನಿಟ್ ಬೇಕು. ದಕ್ಷತೆ ಶೇ 55 ಎಂದು ಹಿಡಿದರೆ 33 ಗ್ರಾಂ. ವಾಪಸು ಬರುವಾಗ ಇದರಲ್ಲಿ ಒಂದಿಷ್ಟು ಮರಳಿ ದಕ್ಕುತ್ತದೆ. ಏಸಿಯ ಖರ್ಚು ಮಾತ್ರ ಮರಳುವುದಿಲ್ಲ. ರಾಯಚೂರು ಜಿಲ್ಲೆಯ ಮೇ ತಿಂಗಳಿನಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ಅದು ಒಂದೂವರೆ ಕಿಲೋವಾಟ್ ಎಳೆದರೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಇನ್ನೂ 90 ಗ್ರಾಂ. ಒಟ್ಟು 485 ಗ್ರಾಂ, ಕೆಜಿಗೆ 113 ಕಿ.ಮೀ. ಜಪಾನಿನಿಂದ ಹೊರಟ ಲೆಕ್ಕ ಬಂದು ನಿಂತದ್ದು ಅಮೆರಿಕದ ಅಂಕಿಯ ಮಗ್ಗುಲಲ್ಲಿ.

ಇದರಲ್ಲಿ ಇನ್ನೂ ಸೇರದ ಬಾಬತ್ತುಗಳಿವೆ. ಪೆಟ್ರೋಲ್ ಎಂಜಿನ್ನಿನ ಬಿಸಿಯಲ್ಲಿ ದೊಡ್ಡ ಪಾಲು ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಫ್ಯೂಯೆಲ್ ಸೆಲ್ ಓಡುವುದೇ 80 ಡಿಗ್ರಿಯ ಆಸುಪಾಸು. ಅದರ ಬಿಸಿ ಬಹುಮಟ್ಟಿಗೆ ರೇಡಿಯೇಟರಿನ ಮೂಲಕವೇ ಹೋಗಬೇಕು. ಹೊರಗಿನ ಗಾಳಿಯೇ 42 ಡಿಗ್ರಿ ಇದ್ದರೆ ಬಿಸಿ ಬಿಟ್ಟುಕೊಡಲು ಉಳಿಯುವ ಅಂತರ ಕಡಿಮೆ, ಫ್ಯಾನು ಹೆಚ್ಚು ತಿರುಗಬೇಕು. ಒಣಹವೆಯಲ್ಲಿ ಪೊರೆಯ ತೇವ ಕಾಯುವುದೂ ಒಂದು ಪಾಡು. ಎರೆಹೊಲದ ಧೂಳು ಏರ್ ಫಿಲ್ಟರನ್ನು ಮುಚ್ಚಿದರೆ ಗಾಳಿ ಎಳೆಯುವ ಕಂಪ್ರೆಸರ್ ಹೆಚ್ಚು ಕರೆಂಟು ತಿನ್ನುತ್ತದೆ. ಒಂದು ಸಮಾಧಾನವೂ ಉಂಟು: ಈ ಕಾರಿಗೆ ನಿಧಾನದ ಓಟ ಭಾರವಲ್ಲ. ಅರೆಶಕ್ತಿಯಲ್ಲೇ ಸೆಲ್ಲಿನ ದಕ್ಷತೆ ಹೆಚ್ಚು, ಬ್ರೇಕಿನ ಶಕ್ತಿಯೂ ಬ್ಯಾಟರಿಗೆ ಮರಳುತ್ತದೆ. ಅಮೆರಿಕದ ಪಟ್ಟಿಯಲ್ಲೂ, ಒಂದು ಗ್ಯಾಲನ್ ಪೆಟ್ರೋಲಿಗೆ ಸಮನಾದ ಹೈಡ್ರೋಜನ್ನಿಗೆ ಮಿರಾಯ್‌ನ ಊರೊಳಗಿನ ಅಂಕಿ 76 ಮೈಲಿ, ಹೆದ್ದಾರಿಯದು 71. ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳುವ ನಮ್ಮ ರಸ್ತೆ ಅದಕ್ಕೆ ಒಗ್ಗೀತು.

ಭಾರತದಲ್ಲಿ ಈ ಕೆಲಸ ತಡವಾಗಿ ಶುರುವಾಯಿತು. 2013ರಲ್ಲಿ ಮಹೇಂದ್ರಗಿರಿಯ ಇಸ್ರೋ ಕೇಂದ್ರದಲ್ಲಿ ಟಾಟಾ ಮೋಟಾರ್ಸ್ ಜೊತೆ ಮಾಡಿದ ಬಸ್ಸಿನ ಪ್ರದರ್ಶನ ನಡೆಯಿತು. 2020ರಲ್ಲಿ ಪುಣೆಯ ಕೆಪಿಐಟಿ ಮತ್ತು ಸಿಎಸ್‌ಐಆರ್ ದೇಶೀ ಸೆಲ್ಲಿನ ಕಾರನ್ನು ಓಡಿಸಿದವು. 2022ರ ಮಾರ್ಚ್ 16ರಂದು ಸಚಿವ ನಿತಿನ್ ಗಡ್ಕರಿ ಮಿರಾಯ್‌ನ ಪ್ರಾಯೋಗಿಕ ಯೋಜನೆಗೆ ಚಾಲನೆ ಕೊಟ್ಟರು. ಭಾರತದ ರಸ್ತೆ, ಹವೆಯಲ್ಲಿ ಕಾರು ಹೇಗೆ ನಡೆದುಕೊಳ್ಳುತ್ತದೆಂದು ನೋಡುವ ಹೊಣೆ ಮಾನೇಸರದ ಐಕ್ಯಾಟ್ ಸಂಸ್ಥೆಯದು, ಕಾರು ಕೊಟ್ಟದ್ದು ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್. 2023ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ದೆಹಲಿಯಲ್ಲಿ ಬಸ್ಸುಗಳನ್ನು ಇಳಿಸಿತು.

ಕೆಜಿಗೆ 113 ಎಂದರೂ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಆ ಕೆಜಿ ಎಲ್ಲಿಂದ ಬಂತು? ಇತ್ತೀಚಿನ ಅಧ್ಯಯನಗಳು ಟ್ಯಾಂಕಿನ ಹಿಂದಕ್ಕೆ ಹೋಗಿ ನೋಡುವುದು ಇದನ್ನೇ. ನೀರನ್ನು ಒಡೆದು ಒಂದು ಕೆಜಿ ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು, ಕಾರಿಗೆ ದಕ್ಕುವುದು 33 ಯೂನಿಟ್. ಅದೇ ವಿದ್ಯುತ್ತನ್ನು ನೇರ ಬ್ಯಾಟರಿ ಕಾರಿಗೆ ಕೊಟ್ಟರೆ 300 ಕಿ.ಮೀ. ಓಡೀತು. ಶಕ್ತಿನಗರದ ಕಲ್ಲಿದ್ದಲು ಸ್ಥಾವರವೂ ಸೇರಿದ ಈಗಿನ ಜಾಲದ ವಿದ್ಯುತ್ತು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊತ್ತು ಬರುತ್ತದೆ. ಹಾಗೆ ಮಾಡಿದ ಹೈಡ್ರೋಜನ್ನಿನ ಕಾರು ಕಿಲೋಮೀಟರಿಗೆ 320 ಗ್ರಾಂ ಇಂಗಾಲಾನಿಲಕ್ಕೆ ಹೊಣೆ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿನದು 150ರಷ್ಟು. ಕೆಜಿ ಹೈಡ್ರೋಜನ್ನಿಗೆ 2 ಕೆಜಿಗಿಂತ ಹೆಚ್ಚು ಇಂಗಾಲಾನಿಲ ಬಿಡದಿದ್ದರೆ ಮಾತ್ರ ‘ಹಸಿರು’ ಎಂದು ಕೇಂದ್ರ 2023ರ ಆಗಸ್ಟ್‌ನಲ್ಲಿ ಕಟ್ಟು ಮಾಡಿದ್ದು ಇದಕ್ಕಾಗಿಯೇ.

ಇನ್ನೊಂದು ದಾರಿ ನಮ್ಮ ಗದ್ದೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಒಂದು ಕೆಜಿ ಜೈವಿಕ ತ್ಯಾಜ್ಯದಿಂದ 100 ಗ್ರಾಂ ಹೈಡ್ರೋಜನ್ ತೆಗೆಯುವ ವಿಧಾನ ತೋರಿಸಿದೆ. ತ್ಯಾಜ್ಯದಲ್ಲಿರುವುದು 60 ಗ್ರಾಂ ಮಾತ್ರ, ಮಿಕ್ಕದ್ದು ಉಗಿಯಿಂದ. ಸಿಂಧನೂರಿನ 75 ಕೆಜಿ ಭತ್ತದ ಚೀಲದಲ್ಲಿ ಹೊಟ್ಟು 15 ಕೆಜಿ. ಹೊಟ್ಟಿನಲ್ಲಿ ಐದನೇ ಒಂದು ಪಾಲು ಬೂದಿ ಎಂದು ಕಳೆದರೂ ಕಾಗದದ ಮೇಲೆ 1.2 ಕೆಜಿ ಹೈಡ್ರೋಜನ್: ಲಿಂಗಸುಗೂರಿಗೆ ಹೋಗಿ ಬರಲು ಸಾಕು. ಆದರೆ ರೈಸ್‌ಮಿಲ್ಲುಗಳ ಬಾಯ್ಲರುಗಳು ಆ ಹೊಟ್ಟನ್ನು ಈಗಾಗಲೇ ತಿನ್ನುತ್ತಿವೆ. ಹೊಟ್ಟು ಪುಕ್ಕಟೆ ಎಂದು ಹಿಡಿದ ಯಾವ ಲೆಕ್ಕವೂ ಇಲ್ಲಿ ನಿಲ್ಲುವುದಿಲ್ಲ.

2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಅಡಿ 37 ಬಸ್ಸು, ಲಾರಿಗಳನ್ನು ಓಡಿಸಲು ಆರಿಸಿದ ಮಾರ್ಗಗಳ ಪಟ್ಟಿ ಹೊರಬಿತ್ತು. ದೆಹಲಿ–ಆಗ್ರಾ, ಪುಣೆ–ಮುಂಬೈ, ಪುರಿ, ಕೊಚ್ಚಿ, ಜಮ್‌ಶೆಡ್‌ಪುರ ಎಲ್ಲ ಇವೆ. ಆಗ ಈ ಮಿಷನ್ ನಡೆಸುವ ಇಲಾಖೆಯ ಸಚಿವರು ಧಾರವಾಡದ ಸಂಸದ ಪ್ರಹ್ಲಾದ ಜೋಶಿ. ಕರ್ನಾಟಕದ ಒಂದು ರಸ್ತೆಯೂ ಪಟ್ಟಿಯಲ್ಲಿಲ್ಲ. ಮುಂದಿನ ಪಟ್ಟಿ ಮಾಡುವವರು 150ಎ ಹೆದ್ದಾರಿಯ ಈ 55 ಕಿ.ಮೀ.ಯನ್ನು ಸೇರಿಸಲಿ, ಮೇ ತಿಂಗಳಲ್ಲೇ ಓಡಿಸಲಿ. ಬಂದ ಅಂಕಿಯ ಪಕ್ಕದಲ್ಲಿ ಅಳೆದ ವಿಧಾನವನ್ನೂ, ಹೈಡ್ರೋಜನ್ ಬಂದ ಮೂಲವನ್ನೂ ಕನ್ನಡದಲ್ಲೇ ಅಚ್ಚುಹಾಕಲಿ.