ಪ್ರಕಾಶ್ ಪಡುಕೋಣೆ

ಷಟಲ್ ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆ 1955ರ ಜೂನ್ 10ರಂದು ಬೆಂಗಳೂರಿನಲ್ಲಿ ಜನಿಸಿದರು. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣವೇ ಅವರ ಅಭ್ಯಾಸದ ಅಂಕಣ. ಅಲ್ಲಿ ಮದುವೆಯಿದ್ದ ದಿನ ಆಟಕ್ಕೆ ರಜೆ. 1971ರಿಂದ 1979ರವರೆಗೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 1978ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

1980ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಾದವರು ಹಿಂದಿನ ಎರಡು ವರ್ಷಗಳ ವಿಜೇತ, ಇಂಡೊನೇಷ್ಯಾದ ಲಿಮ್ ಸ್ವೀ ಕಿಂಗ್. ಕಿಂಗ್ ಅವರ ಬಲ ನೆಗೆದು ಹೊಡೆಯುವ ಸ್ಮ್ಯಾಶ್. ಪ್ರಕಾಶ್ ಆಟದ ವೇಗವನ್ನೇ ತಗ್ಗಿಸಿ, ಮೃದು ಹೊಡೆತಗಳಿಂದ ಅದನ್ನು ನಿಷ್ಫಲಗೊಳಿಸಿ 15-3, 15-10ರಿಂದ ಗೆದ್ದರು. ಈ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ.

1983ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ದೊರೆಯಿತು. ಒಲಿಂಪಿಕ್ಸ್ ಮಾತ್ರ ಅವರ ಪಾಲಿಗೆ ಬರಲಿಲ್ಲ: ಬ್ಯಾಡ್ಮಿಂಟನ್ ಅಲ್ಲಿ ಪದಕದ ಆಟವಾದದ್ದು 1992ರಲ್ಲಿ, ಆಗ ಅವರಿಗೆ 37 ವರ್ಷ. 1994ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಅಕಾಡೆಮಿ ಆರಂಭಿಸಿದರು.