ಗ್ಯಾಸ್ ಗ್ರಿಲ್ಲಿನ ಕಥಿ: ಯಾವುದಕ್ಕ ರೊಕ್ಕ ಹಾಕಬೇಕು, ಯಾವುದಕ್ಕ ಬ್ಯಾಡ

ಈ ಸಲ ಇಲ್ಲೆ ಶಿಕಾಗೋ ಕಡೆ ಹಿಮ ಕರಗಿ ಇನ್ನೂ ಹುಲ್ಲು ಹಸರ ಆಗಿಲ್ಲ, ಆಗಲೇ ನಿಮ್ಮೊಳಗ ಮೂರು ಮಂದಿ ನನಗ ಒಂದ ಪ್ರಶ್ನಿ ಕೇಳೀರಿ: ಹಿತ್ತಲದಾಗ ಇಡ್ಲಿಕ್ಕೆ ಗ್ಯಾಸ್ ಗ್ರಿಲ್ ತಗೋಬೇಕು, ಯಾವುದು ತಗೊಂಡ್ರ ಕೊಟ್ಟ ರೊಕ್ಕಕ್ಕ ಮೋಸ ಇಲ್ಲ? ಅದರಾಗ ನಮ್ಮ ಸಣ್ಣ ನೆಗೆಣ್ಣಿ ಕೇಳಿದ್ದು ನನ್ನ ತಲ್ಯಾಗ ಉಳೀತು. ‘ಅಕ್ಕಾ, ಇವರು ಅಂಗಡ್ಯಾಗ ಆರು ಬರ್ನರಿಂದು ನೋಡಿ ಬಂದಾರ. ನಾ ಏನರೆ ಕೇಳಿದ್ರ, ಇದು ಗಂಡಸರ ಸಾಮಾನು, ನಿನಗ ತಿಳಿಯೂದಿಲ್ಲ ಅಂತಾರ. ವೀಸಾದ ಸಲುವಾಗಿ ನನಗ ಕೆಲಸ ಮಾಡ್ಲಿಕ್ಕೆ ಬರೂದಿಲ್ಲ, ಒಂದ ಪಗಾರದಾಗ ನಡಿಯೋ ಮನಿ ನಮ್ದು. ಅಷ್ಟು ತುಟ್ಟೀದು ಖರೇನ ಬೇಕೇನು?’

ಇಂಥಾ ಕಂಪನಿದು ತಗೋ ಅಂತ ಒಂದು ಸಾಲಿನ್ಯಾಗ ಹೇಳಬಹುದಿತ್ತು. ಆದ್ರ ಮಾಡೆಲ್‌ಗಳು ವರ್ಷಾ ಬದಲಾಗ್ತಾವ. ಅದಕಿಂತ ಈ ಸಾಮಾನು ಹೆಂಗ ಹುಟ್ಟಿತು, ಅದರ ಒಂದೊಂದು ಭಾಗ ಯಾವ ತೊಂದರಿ ನೀಗಿಸ್ಲಿಕ್ಕೆ ಬಂತು ಅಂತ ತಿಳಕೊಂಡ್ರ, ಅಂಗಡ್ಯಾಗ ನಿಂತಾಗ ಯಾವುದು ಕೆಲಸದ್ದು, ಯಾವುದು ಬರೇ ಮಿಂಚೋದು ಅಂತ ನಮಗ ಕಾಣ್ತದ.

ಬಾರ್ಬೆಕ್ಯೂ ಅನ್ನೋ ಶಬ್ದ ಕ್ಯಾರಿಬಿಯನ್ ದ್ವೀಪಗಳ ಮೂಲ ಜನರಿಂದ ಬಂದದ್ದು. ಅಲ್ಲಿನ ಟೈನೋ ಜನ ಕಟಗಿ ಅಟ್ಟಣಗಿ ಕಟ್ಟಿ, ಕೆಳಗ ಬೆಂಕಿ ಹಾಕಿ, ಮ್ಯಾಲೆ ಮೀನ, ಮಾಂಸ ಇಟ್ಟು ಬೇಯಸ್ತಿದ್ರು. ಸ್ಪೇನಿನವರು ಅದಕ್ಕ ಬಾರ್ಬಕೋವಾ ಅಂದ್ರು. ಮುಂದ ಅಮೆರಿಕಾದ ದಕ್ಷಿಣದ ರಾಜ್ಯಗಳಾಗ ತಗ್ಗು ತೋಡಿ, ಕಟಗಿ ಕೆಂಡದ ಮ್ಯಾಲೆ ರಾತ್ರಿಯೆಲ್ಲಾ ಕಾದು ಬೇಯಸೋ ಅಡಗಿ ಬೆಳೀತು. ಆ ಬೆಂಕಿ ಮುಂದ ನಿಂತು ಬೆವರು ಸುರಿಸಿದವರು ಹೆಚ್ಚಿನಂಶ ಗುಲಾಮಗಿರಿಯೊಳಗಿದ್ದ ಕರಿಯ ಜನ. ಹೆಸರು ಮಾತ್ರ ತೋಟದ ಮಾಲಕರದ್ದು ಆತು. ಇವತ್ತಿಗೂ ದಕ್ಷಿಣದವರ ಮುಂದ ಗ್ಯಾಸಿನ ಮ್ಯಾಲೆ ಸುಟ್ಟದ್ದಕ್ಕ ಬಾರ್ಬೆಕ್ಯೂ ಅಂದ್ರ ಅವರು ಒಪ್ಪೂದಿಲ್ಲ. ಅವರ ಲೆಕ್ಕದಾಗ ಅದು ಬರೇ ಗ್ರಿಲ್. ನಾವು ಸುಡೋದು ಬದನಿಕಾಯಿ, ಗೊಂಜಾಳ ತೆನಿ, ಡಬ್ಬು ಮೆಣಸಿನಕಾಯಿ. ಯಾವ ಹೆಸರಾದ್ರೂ ನಮಗೇನು ತಕರಾರಿಲ್ಲ.

ಇದ್ದಲಿ ಮನಿಮನಿಗೆ ಬಂದದ್ದರ ಹಿಂದ ಮೋಟಾರಿನ ಹೆನ್ರಿ ಫೋರ್ಡ್ ಇದ್ದಾನ ಅಂದ್ರ ನಂಬ್ತೀರೇನು? ಆಗಿನ ಮಾಡೆಲ್ ಟಿ ಗಾಡಿಗೆ ಕಟಗಿ ಭಾಳ ಬೇಕಾಗ್ತಿತ್ತು. ಮಿಶಿಗನ್ ಕಾಡಿನ ಕಟಗಿ ಕೊಯ್ದು ಉಳಿದ ಚೂರು, ಹೊಟ್ಟು ಹಾಳಾಗಬಾರದು ಅಂತ 1920ರ ದಶಕದಾಗ ಅದನ್ನ ಇದ್ದಲಿ ಮಾಡಿ, ಒತ್ತಿ ಬಿಲ್ಲಿ ಮಾಡಿ, ಫೋರ್ಡ್ ಗಾಡಿ ಮಾರೋ ಅಂಗಡಿಯೊಳಗ ಮಾರಿದ್ರು. ಅದ ಮುಂದ ಕಿಂಗ್ಸ್‌ಫರ್ಡ್ ಅನ್ನೋ ಹೆಸರಾತು, ಇವತ್ತಿಗೂ ಅಂಗಡ್ಯಾಗ ನೀಲಿ ಚೀಲದಾಗ ಸಿಗ್ತದ.

ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಊರ ಹೊರಗ ಸಾಲು ಸಾಲು ಮನಿ ಎದ್ದು, ಎಲ್ಲಾರಿಗೂ ಒಂದು ಹಿತ್ತಲ ಸಿಕ್ತು. ‘ಗಂಡಸರ ಸಾಮಾನು’ ಅನ್ನೋದು ಗಟ್ಟಿ ಆದದ್ದು ಈ ಕಾಲದಾಗ. 1950ರ ದಶಕದ ಜಾಹೀರಾತು, ಅಡಗಿ ಪುಸ್ತಕ ತೆಗದು ನೋಡ್ರಿ: ಏಪ್ರನ್ ಕಟಗೊಂಡು, ಕೈಯಾಗ ಉದ್ದನ್ನ ಇಕ್ಕಳ ಹಿಡದು ಯಜಮಾನ ನಿಂತಿರ್ತಾನ. ಕಾಯಿ ಹೆಚ್ಚಿದವರು, ಮಸಾಲಿ ಕಲಸಿದವರು, ಕಡೀಕ ಎಣ್ಣಿ ಜಿಡ್ಡು ತಿಕ್ಕಿದವರು ಚಿತ್ರದಾಗ ಇರೂದಿಲ್ಲ. ಸಾಮಾನು ಮಾರ್ಲಿಕ್ಕೆ ಹುಟ್ಟಿಸಿದ ಮಾತು ಅದು ಅಂತ ನನಗ ಅನಸ್ತದ. ಕೆಂಡದ ಮುಂದ ಕೂತು ರೊಟ್ಟಿ ಸುಟ್ಟ ನಮ್ಮ ಅಜ್ಜಿಗಳ ಮುಂದ ಬೆಂಕಿ ಗಂಡಸರದು ಅಂದಿದ್ರ ಅವರು ನಕ್ಕು ಬಿಡ್ತಿದ್ರು.

ಆ ಕಾಲದ ಗ್ರಿಲ್ ಅಂದ್ರ ಕಾಲಿದ್ದ ಒಂದು ತೆರದ ತಾಟು. ಗಾಳಿ ಬಂದ್ರ ಬೂದಿ ಅಡಗಿಗೆ, ಮಳಿ ಬಂದ್ರ ಬೆಂಕಿ ಹೋತು. ನಮ್ಮ ಶಿಕಾಗೋದಾಗ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಅನ್ನೋ ಕಾರಖಾನಿಯೊಳಗ ನೀರಿನ ಮ್ಯಾಲೆ ತೇಲೋ ಬೋಯ್, ಅಂದ್ರ ಹಡಗಿಗೆ ದಾರಿ ತೋರಸೋ ಲೋಹದ ಗುಂಡು, ಮಾಡ್ತಿದ್ರು. ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್‌ಗೆ 12 ಮಕ್ಕಳು, ಅಡಗಿ ಅಂದ್ರ ಹುಡಗಾಟಲ್ಲ. 1952ರಾಗ ಆತ ಅಂಥ ಗುಂಡನ್ನ ನಡುವ ಕೊಯ್ದು, ಕೆಳಗಿನ ಅರ್ಧಕ್ಕ ಕಾಲು ಹಚ್ಚಿ, ಮ್ಯಾಲಿನ ಅರ್ಧ ಮುಚ್ಚಳಿ ಮಾಡಿದ. ಮುಚ್ಚಿದ ಕೂಡಲೇ ಬೆಂಕಿ ಆರಿತು, ಬಾಜೂ ಮನಿಯವರು ಗಾಳಿಗೆ ತೂತು ಹೊಡಿ ಅಂದ್ರು ಅಂತ ಒಂದು ಕಥಿ ಹೇಳ್ತಾರ. ದುಂಡಗ ಇದ್ದದ್ದಕ್ಕ ಮುಂದ ಮಂದಿ ಅದಕ್ಕ ಸ್ಪುಟ್ನಿಕ್ ಅಂತನೂ ಕರದ್ರು.

ನಮ್ಮ ಲೆಕ್ಕಕ್ಕ ಇದರಾಗ ಮೊದಲನೇ ಸುಳುವು ಅದ. ಮುಚ್ಚಳಿ ಬಂದ ಮ್ಯಾಲೆ ಗ್ರಿಲ್ ಬರೇ ಸುಡೋ ಒಲಿ ಅಲ್ಲ, ಒಂದು ಭಟ್ಟಿ ಆತು. ಅಂಗಡ್ಯಾಗ ಬರ್ನರ್ ಎಣಿಸೋಕಿಂತ ಮೊದಲು ಮುಚ್ಚಳಿ ಎತ್ತಿ ನೋಡ್ರಿ. ಭಾರ ಇರಬೇಕು, ಮುಚ್ಚಿದಾಗ ಗದಗದ ಅಲಗಾಡಬಾರದು, ಸುತ್ತಲೂ ಸರಿಯಾಗಿ ಕೂಡಬೇಕು. ತೆಳು ತಗಡಿನ ಮುಚ್ಚಳಿ ಇದ್ರ ಶಾಖ ಎಲ್ಲಾ ಹೊರಗ, ಗ್ಯಾಸ್ ಸುಮ್ಮನ ಖರ್ಚು.

ಇನ್ನ ಗ್ಯಾಸ್. ಗ್ಯಾಸ್ ಗ್ರಿಲ್ ಮೊದಲು ಮಾಡಿದವರು ನಾವ ಅಂತ ಒಂದಕ್ಕಿಂತ ಹೆಚ್ಚು ಕಂಪನಿ ಹೇಳಿಕೋತಾವ, ಆ ಜಗಳಕ್ಕ ನಾವು ಹೋಗೂದು ಬ್ಯಾಡ. 1960ರ ದಶಕದಾಗ ಅದನ್ನ ಹಿತ್ತಲಕ್ಕ ತಂದವರೊಳಗ ಮುಖ್ಯ ಆದದ್ದು ಆರ್ಕ್ಲಾ, ಅಂದ್ರ ಅರ್ಕನ್ಸಾ ಲೂಸಿಯಾನಾ ಗ್ಯಾಸ್ ಕಂಪನಿ. ಒಲಿ ಮಾಡೋರಲ್ಲ ಅವರು, ಗ್ಯಾಸ್ ಮಾರೋರು! ಥಂಡಿಗಾಲದಾಗ ಮನಿ ಬೆಚ್ಚಗ ಇಡ್ಲಿಕ್ಕೆ ಗ್ಯಾಸ್ ಖಪ್ತದ, ಬ್ಯಾಸಗಿಯಾಗ ಯಾರು ಕೊಳ್ಳಬೇಕು? ಅಂಗಳಕ್ಕೊಂದು ಗ್ಯಾಸ್ ದೀಪ, ಹಿತ್ತಲಕ್ಕೊಂದು ಗ್ಯಾಸ್ ಗ್ರಿಲ್ ಅಂತ ಜೋಡಿ ಮಾಡಿ ಮಾರಿದ್ರು. ಆವಾಗ ಗ್ರಿಲ್ ಒಂದು ಕಂಬದ ಮ್ಯಾಲೆ ನೆಟ್ಟಿರ್ತಿತ್ತು, ಮನಿ ಪೈಪಿನಿಂದ ಗ್ಯಾಸ್ ಬರ್ತಿತ್ತು. 1970ರ ದಶಕದ ಇಂಧನದ ಅಡಚಣಿಯೊಳಗ ದೀಪಗಳು ಹೋದ್ವು, 1978ರ ಕಾನೂನು ಅಲಂಕಾರದ ಗ್ಯಾಸ್ ದೀಪಕ್ಕ ತಡಿ ಹಾಕಿತು. ಗ್ರಿಲ್ ಮಾತ್ರ ಪ್ರೊಪೇನ್ ಸಿಲಿಂಡರ್ ಕಟಗೊಂಡು, ಗಾಲಿ ಹಚಗೊಂಡು ಉಳೀತು.

ನಮ್ಮ ಊರಿನ ಸಿಲಿಂಡರಿನ್ಯಾಗ ಪ್ರೊಪೇನ್ ಜೋಡಿ ಬ್ಯುಟೇನ್ ಕೂಡಿರ್ತದ. ಬ್ಯುಟೇನ್ ಸುಮಾರು ಸೊನ್ನಿ ಡಿಗ್ರಿ ಒಳಗ ಆವಿ ಆಗೂದs ಇಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿ ತನಕ ಆಗ್ತದ. ಇಲ್ಲಿನ ಥಂಡಿಗೆ ಪ್ರೊಪೇನ್ ಯಾಕ ಬೇಕು ಅಂತ ಈಗ ತಿಳೀತಲ್ಲ.

ನನ್ನ ಅತ್ತಿಯವರು ಇಲ್ಲೆ ಬಂದಾಗ ಸಿಲಿಂಡರ್ ಕಂಡ ಕೂಡಲೇ ದೂರ ಸರೀತಿದ್ರು. ನಿಮ್ಮೊಳಗೂ ಭಾಳ ಮಂದಿಗೆ ಆ ಅಂಜಿಕಿ ಅದ, ಅದು ಇರಬೇಕಾದ್ದ. ಅಂಜಿಕಿ ಕಡಿಮಿ ಮಾಡಿದ ಸಾಧನಗಳು ಎಷ್ಟು ಜೀವ ತಗೊಂಡು ಬಂದಾವ ಅಂದ್ರ ಕೇಳ್ರಿ. ಗ್ಯಾಸಿಗೆ ತಂದೇ ಆದ ವಾಸನಿ ಇಲ್ಲ. 1937ರ ಮಾರ್ಚ್ 18ಕ್ಕ ಟೆಕ್ಸಸ್‌ನ ನ್ಯೂ ಲಂಡನ್ ಅನ್ನೋ ಊರಿನ ಸಾಲಿಯೊಳಗ ಗ್ಯಾಸ್ ಸೋರಿ ತುಂಬಿಕೊಂಡಿತ್ತು, ಯಾರಿಗೂ ತಿಳೀಲಿಲ್ಲ. ಒಂದು ಕಿಡಿಗೆ ಸಾಲಿನ ಹಾರಿ ಹೋತು. ಸುಮಾರು 300 ಮಂದಿ ಸತ್ರು, ಹೆಚ್ಚಿನವರು ಮಕ್ಕಳು. ಅದಾದ ಮ್ಯಾಲೆ ಗ್ಯಾಸಿಗೆ ಕೆಟ್ಟ ವಾಸನಿ ಕೂಡಿಸಬೇಕು ಅಂತ ಟೆಕ್ಸಸ್‌ನಾಗ ಕಾನೂನು ಆತು, ಮುಂದ ಅದು ಎಲ್ಲಾ ಕಡೆ ರೂಢಿ ಆತು. ಊರಾಗ ನಮ್ಮ ಅಡಗಿಮನ್ಯಾಗ ಮೂಗಿಗೆ ಬಡಿಯೋ ವಾಸನಿನೂ ಅಂಥಾದ್ದ, ಬೇಕಂತ ಹಾಕಿದ್ದು.

ಎರಡನೇದ್ದು ಸಿಲಿಂಡರಿನ ತಿರುವು. ಇಲ್ಲಿನ 20 ಪೌಂಡಿನ ಸಿಲಿಂಡರಿಗೆ ಮೂರು ಮೂಲಿ ತಿರುವು ಇದ್ರ ಒಳಗ ಅತಿಯಾಗಿ ತುಂಬೋದನ್ನ ತಡಿಯೋ ಸಾಧನ ಅದ ಅಂತ ಅರ್ಥ. 80 ಶೇಕಡಾ ತುಂಬಿದ ಮ್ಯಾಲೆ ಅದು ನಿಲ್ಲಸ್ತದ. ಬ್ಯಾಸಗಿ ಬಿಸಲಿಗೆ ಗ್ಯಾಸ್ ಹಿಗ್ಗಲಿಕ್ಕೆ ಜಾಗಾ ಬೇಕಲ್ಲ. 2002ರ ಏಪ್ರಿಲ್‌ನಿಂದ ಇದು ಇಲ್ಲದ ಹಳೇ ಸಿಲಿಂಡರ್ ತುಂಬಿ ಕೊಡೂದಿಲ್ಲ. ಹಂಗಾಗಿ ಯಾರರೆ ಹಳೇ ಗ್ರಿಲ್ ಜೋಡಿ ಸಿಲಿಂಡರ್ ಪುಕ್ಕಟೆ ಕೊಡ್ತೇನಿ ಅಂದ್ರ ಮೊದಲು ತಿರುವು ನೋಡ್ರಿ.

ಮೂರನೇದ್ದು ಕೈಲೇ ತಿರುವಿ ಕೂಡಸೋ ಪ್ಲಾಸ್ಟಿಕ್ ನಟ್. ಪೈಪು ಕಿತ್ತು ಗ್ಯಾಸ್ ಒಮ್ಮೆಲೆ ನುಗ್ಗಿದ್ರ ಇದರೊಳಗಿನ ಸಾಧನ ಗ್ಯಾಸ್ ಕಡಿಮಿ ಮಾಡ್ತದ. ಸಿಲಿಂಡರ್ ಗಕ್ಕನ ತೆರದ್ರೂ ಅದು ಸೋರಿಕಿ ಅಂತ ತಿಳಕೊಂಡು ಹಂಗ ಮಾಡ್ತದ. ಆವಾಗ ಉರಿ ಸಣ್ಣಗ ಮಿಣಮಿಣ ಅಂತದ, ಗ್ರಿಲ್ ಕೆಟ್ಟೇತಿ ಅಂತ ಮಂದಿ ವಾಪಸ್ ಒಯ್ತಾರ. ಎಲ್ಲಾ ಬಂದ್ ಮಾಡಿ, ನಟ್ ಬಿಚ್ಚಿ, ಒಂದು ನಿಮಿಷ ಬಿಟ್ಟು ಮತ್ತ ಕೂಡಿಸಿ, ಗುಂಡಿಗಳು ಬಂದ್ ಇದ್ದಾಗ ಸಿಲಿಂಡರ್ ಸಾವಕಾಶ ತೆರೀರಿ, ಸರಿ ಆಗ್ತದ. ಹಚ್ಚೋ ಮುಂದ ಮಾತ್ರ ಮುಚ್ಚಳಿ ಎತ್ತೇ ಇರಬೇಕು. ಕೂಡಿಸಿದ ಜಾಗಾಕ್ಕ ಸಾಬೂನು ನೀರು ಹಚ್ಚಿ ಗುಳ್ಳಿ ಬರ್ತದೇನು ನೋಡೋದು ನಿಮಗ ಗೊತ್ತ ಅದ.

ಹಳೇ ಗ್ಯಾಸ್ ಗ್ರಿಲ್ಲಿನ್ಯಾಗ ಉರಿ ಮ್ಯಾಲೆ ಜ್ವಾಲಾಮುಖಿ ಕಲ್ಲು ಹರವತಿದ್ರು, ಕೆಂಡದಂಗ ಕಾಯಲಿ ಅಂತ. ಅವು ಜಿಡ್ಡು ಕುಡದು ಕುಡದು ಒಮ್ಮೆ ಭಗ್ ಅಂತ ಉರೀತಿದ್ವು. 1985ರಾಗ ವೆಬರಿನವರು ಜೆನೆಸಿಸ್ ಅನ್ನೋದನ್ನ ತಂದಾಗ ಕಲ್ಲು ತೆಗದು, ಕವಚಿ ಹಾಕಿದ ಛಾವಣಿಯಂಥ ಉಕ್ಕಿನ ಪಟ್ಟಿ ಬರ್ನರ್ ಮ್ಯಾಲೆ ಇಟ್ರು. ಜಿಡ್ಡು ಪಟ್ಟಿಗೆ ಬಿದ್ದು ಸ್ವಲ್ಪ ಹೊಗಿ ಆಗ್ತದ, ಉಳಿದದ್ದು ಕೆಳಗಿನ ತಾಟಿಗೆ ಹರೀತದ, ಬರ್ನರಿನ ತೂತು ಮುಚ್ಚೂದಿಲ್ಲ. ಈಗ ಬಹುತೇಕ ಎಲ್ಲಾ ಕಂಪನಿಯವರೂ ಇಂಥಾ ಏನರೆ ಇಡ್ತಾರ. ನನ್ನ ಲೆಕ್ಕದಾಗ ಮುಚ್ಚಳಿ ಆದ ಮ್ಯಾಲೆ ರೊಕ್ಕ ಹಾಕಬೇಕಾದ್ದು ಇಲ್ಲೆ: ಪಟ್ಟಿ, ಬರ್ನರ್, ಜಾಳಿಗಿ. ಬೆಂಕಿ ಜೋಡಿ ದಿನಾ ಬಾಳ್ವಿ ಮಾಡೋ ಇವ ಮೊದಲು ತುಕ್ಕು ಹಿಡೀತಾವ. ಐದು ವರ್ಷದ ಮ್ಯಾಲೆ ಬರ್ನರ್ ಬಿಡಿ ಸಿಗ್ತದೇನು, ಎಷ್ಟು ವರ್ಷ ವಾರಂಟಿ ಅದ ಅಂತ ಕೇಳ್ರಿ. ಪರ್ಸಿನ್ಯಾಗ ಒಂದು ಸಣ್ಣ ಅಯಸ್ಕಾಂತ ಇಟ್ಕೊಂಡು ಹೋಗ್ರಿ. ಛೊಲೊ 304 ಸ್ಟೇನ್‌ಲೆಸ್ ಉಕ್ಕಿಗೆ ಅದು ಸಾಮಾನ್ಯವಾಗಿ ಅಂಟೂದಿಲ್ಲ, ಲಗೂ ತುಕ್ಕು ಹಿಡಿಯೋ ಸೋವಿ ಉಕ್ಕಿಗೆ ಪಟ್ಟನ ಅಂಟ್ತದ. ಬೀಡು ಕಬ್ಬಿಣದ ಜಾಳಿಗಿಗೆ ಈ ಪರೀಕ್ಷಾ ಬ್ಯಾಡ. ಅದು ನಮ್ಮ ದೋಸಿ ಹಂಚಿನ ಜಾತಿ, ಎಣ್ಣಿ ಸವರಿ ಪಳಗಿಸಿದ್ರ ಮೊಮ್ಮಕ್ಕಳ ತನಕ ಬರ್ತದ.

ಇನ್ನ ಆರು ಬರ್ನರ್, ಬಾಜೂಕ ಒಂದು ಒಲಿ, ನೀಲಿ ದೀಪದ ಗುಂಡಿ. ಡಬ್ಬಿ ಮ್ಯಾಲೆ ದೊಡ್ಡಕ್ಷರದಾಗ ಬರಿಯೋ ಬಿಟಿಯು ಅಂದ್ರ ಅದು ಎಷ್ಟು ಶಾಖ ಕೊಡ್ತದ ಅಂತ ತಿಳಕೋತಾರ. ಖರೇ ಅಂದ್ರ ಅದು ತಾಸಿಗೆ ಎಷ್ಟು ಗ್ಯಾಸ್ ಕುಡೀತದ ಅನ್ನೋ ಲೆಕ್ಕ. ಆ ಅಂಕಿಯನ್ನ ಜಾಳಿಗಿಯ ಚದರ ಇಂಚಿನಿಂದ ಭಾಗಿಸಿ, 80ರಿಂದ 100ರ ನಡುವ ಬಂದ್ರ ಸಾಕು ಅಂತ ಇಲ್ಲಿನವರ ಒಂದು ಅಂದಾಜು. ಮುಚ್ಚಳಿ ಛೊಲೊ ಇದ್ರ ಅದಕಿಂತ ಕಡಿಮಿನೂ ನಡೀತದ. ನಾಕು ಮಂದಿ ಮನಿಗೆ, ಮ್ಯಾಲೆ ತಿಂಗಳಿಗೊಮ್ಮೆ ಬರೋ ಬಳಗಕ್ಕ, ಮೂರು ಬರ್ನರ್ ಧಾರಾಳ ಆತು. ಒಂದು ಕಡೆ ಹಚ್ಚಿ ಬದನಿಕಾಯಿ ಸುಟ್ಟು, ಇನ್ನೊಂದು ಕಡೆ ಬಂದ್ ಇಟ್ಟು ಪನ್ನೀರು ಸಾವಕಾಶ ಬೇಯಸಬಹುದು. ಎರಡು ಬರ್ನರ್ ಇದ್ರ ಹಂಗ ಮಾಡ್ಲಿಕ್ಕೆ ಜಾಗಾ ಸಾಲೂದಿಲ್ಲ, ಆರು ಇದ್ರ ಮೂರು ಸುಮ್ಮನ ತುಕ್ಕು ಹಿಡೀತಾವ.

ಮೇ ಕೊನೆಗೆ, ಜುಲೈ 4ರ ಸುಮಾರಿಗೆ ಎಲ್ಲಾರೂ ಕೊಳ್ಳೋರ. ಸೆಪ್ಟೆಂಬರ್ ಮೊದಲನೇ ಸೋಮವಾರ ಲೇಬರ್ ಡೇ ಆಗಿ ಹೋದ ಮ್ಯಾಲೆ ಅಂಗಡಿಯವರು ಥಂಡಿ ಸಾಮಾನಿಗೆ ಜಾಗಾ ಮಾಡಬೇಕಾಗಿರ್ತದ. ಜೋಡಿಸಿಟ್ಟ ಮಾದರಿನ ಭಾಳ ಇಳಿಸಿ ಕೊಡ್ತಾರ. ಸಿಲಿಂಡರ್ ಬದಲಿ ಕೊಡೋ ಕಡೆ ಸಾಮಾನ್ಯವಾಗಿ 20ರ ಬದಲು 15 ಪೌಂಡ್ ಅಷ್ಟ ತುಂಬಿರ್ತಾರ. ತುಂಬಿ ಕೊಡೋ ಅಂಗಡಿಗೆ ಒಯ್ದ್ರ ಪೂರ್ತಿ ತುಂಬಸಬಹುದು. ಖಾಲಿ ತೂಕ ಊರಿನಂಗ ಇಲ್ಲೂ ಸಿಲಿಂಡರಿನ ಕೊರಳಪಟ್ಟಿ ಮ್ಯಾಲೆ ಒತ್ತಿರ್ತಾರ, ತೂಗಿ ನೋಡ್ರಿ. ಅಪಾರ್ಟ್‌ಮೆಂಟ್‌ನಾಗ ಇರೋರು ಮೊದಲು ಬಾಡಿಗಿ ಪತ್ರ ಓದ್ರಿ. ಕಟಗಿ ಬಾಲ್ಕನಿ ಮ್ಯಾಲೆ ಇಂಥ ಸಿಲಿಂಡರಿನ ಗ್ರಿಲ್ ಇಡಬಾರದು ಅಂತ ಅನೇಕ ಊರಾಗ ಅಗ್ನಿ ನಿಯಮ ಅದ.

ತಿಕ್ಕಲಿಕ್ಕೆ ತಂತಿ ಬ್ರಶ್ ಕೊಳ್ಳಬ್ಯಾಡ್ರಿ. ಅದರ ಎಳಿ ಜಾಳಿಗಿಗೆ ಅಂಟಿ, ಊಟದ ಜೋಡಿ ಹೊಟ್ಟಿಗೆ ಹೋಗಿ ಮಂದಿ ದವಾಖಾನಿ ಸೇರಿದ್ದನ್ನ 2012ರಾಗ ಇಲ್ಲಿನ ಸರಕಾರಿ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿತ್ತು. ಜಾಳಿಗಿ ಕಾದಾಗ ಅರ್ಧ ಉಳ್ಳಾಗಡ್ಡಿ ಇಕ್ಕಳದಾಗ ಹಿಡದು ತಿಕ್ಕ್ರಿ, ದೋಸಿ ಹಂಚಿಗೆ ತಿಕ್ಕಿದಂಗ. ಬಳಗದೊಳಗ ಮಾಂಸ ಸುಡೋರು ಇದ್ರ ಜಾಳಿಗಿ ಎರಡು ಜೋಡಿ ಇಟ್ಕೋರಿ, ಆರು ಬರ್ನರಿನ ರೊಕ್ಕ ಉಳದದ್ದರಾಗ ಅದು ಬರ್ತದ. ಥಂಡಿಗಾಲದಾಗ ಸಿಲಿಂಡರ್ ಬಿಚ್ಚಿ ಹೊರಗ ಇಡ್ರಿ, ಗ್ಯಾರೇಜಿನ್ಯಾಗಾಗಲಿ ನೆಲಮಾಳಿಗಿಯೊಳಗಾಗಲಿ ಬ್ಯಾಡ. ಬ್ಯಾಸಗಿಗೆ ಮೊದಲನೇ ಸಲ ಹಚ್ಚೋಕಿಂತ ಮುಂಚೆ ಬರ್ನರಿನ ನಳಿಗಿಯೊಳಗ ಸಣ್ಣ ಬ್ರಶ್ ಆಡಿಸಿ ಬಿಡ್ರಿ, ಜೇಡರ ಹುಳ ಅಲ್ಲೆ ಬಲಿ ಕಟ್ಟಿರ್ತಾವ.