ಆಂಧ್ರ ತೀರದಲ್ಲಿ ಕನ್ನಡದ ದನಿ: ಕಪಾಟಿನ ಸ್ಪೀಕರಿನ ಪೂರ್ವಕಥೆ

ಮನೆಯಲ್ಲಿ ಹಾಡು ಕೇಳಲು ಎಂಥ ಸ್ಪೀಕರು ಕೊಂಡರೆ ಒಳ್ಳೆಯದು ಎಂಬ ಪ್ರಶ್ನೆ ನಮ್ಮ ಸಂಘದ ಬಂಧುಗಳಿಂದ ಆಗಾಗ ಬರುತ್ತದೆ. ನಾವು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಎಂದೋ ಪಡೆದ ಬಿ.ಎಸ್ಸಿ. ಪದವಿಯ ದೆಸೆಯಿಂದ ಇಂಥ ಪ್ರಶ್ನೆಗಳು ನಮ್ಮ ಪಾಲಿಗೆ ಬೀಳುತ್ತವೆ. ವರ್ಗಾವಣೆಯ ಕೃಪೆಯಿಂದ ವಿಜಯವಾಡದಲ್ಲಿಯೂ ವಿಶಾಖಪಟ್ಟಣದಲ್ಲಿಯೂ ಕೆಲಕಾಲ ಸಂಸಾರ ಹೂಡಿದ್ದೆವು. ಅಲ್ಲಿನ ಕನ್ನಡ ಮನೆಗಳು ಏನನ್ನು, ಹೇಗೆ ಕೇಳುತ್ತ ಬಂದವು ಎಂಬುದನ್ನು ತಿಳಿದರೆ ಈ ಪ್ರಶ್ನೆಗೆ ಬೆಲೆಪಟ್ಟಿಗಿಂತ ಒಳ್ಳೆಯ ಉತ್ತರ ಸಿಕ್ಕೀತೆಂದು ನಮ್ಮ ಎಣಿಕೆ.

ಮೊದಲಿಗೆ ಬಾನುಲಿ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದನ್ನು, 'ಆಕಾಶವಾಣಿ' ಎಂಬ ಹೆಸರು ಅಲ್ಲಿ ಬಳಕೆಗೆ ಬಂದುದನ್ನು ಓದುಗರು ಬಲ್ಲರು. ವಿಜಯವಾಡ ಕೇಂದ್ರ ತೆರೆದದ್ದು 1948ರ ಡಿಸೆಂಬರ್ 1ರಂದು. ಧಾರವಾಡಕ್ಕೆ 1950ರಲ್ಲಿ, ಬೆಂಗಳೂರಿಗೆ 1955ರಲ್ಲಿ, ವಿಶಾಖಪಟ್ಟಣಕ್ಕೆ 1963ರಲ್ಲಿ ಕೇಂದ್ರಗಳು ಬಂದವು. ವಿಶಾಖಪಟ್ಟಣದ ಬಂದರು 1933ರದು, ಹಡಗುಕಟ್ಟೆ 1941ರದು. ಬಂದರು, ಹಡಗುಕಟ್ಟೆ, ನೌಕಾಪಡೆ, ರೈಲ್ವೆ, ಬ್ಯಾಂಕು ಎಂದು ಅನ್ನ ಹುಡುಕಿ ಬಂದ ನಮ್ಮವರಿಗೆ ಹಗಲಲ್ಲಿ ತೆಲುಗು ಬಾನುಲಿ, ರಾತ್ರಿಯಾದರೆ ಕನ್ನಡ.

ರಾತ್ರಿಯೇ ಏಕೆ? ಮೀಡಿಯಂ ವೇವ್ ಅಲೆಗಳನ್ನು ಹಗಲಿನಲ್ಲಿ ಮೇಲಿನ ವಾಯುಮಂಡಲದ ಕೆಳಪದರವೊಂದು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ; ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಪುಟಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಬೆಂಗಳೂರಿನಿಂದ ವಿಜಯವಾಡಕ್ಕೆ ನೇರ ದೂರ ಸುಮಾರು 500 ಕಿ.ಮೀ., ವಿಶಾಖಪಟ್ಟಣಕ್ಕೆ ಸುಮಾರು 800. ಮುಳ್ಳನ್ನು ಬೆಂಗಳೂರಿನ 612 ಕಿಲೋಹರ್ಟ್ಸಿಗೆ ತಿರುಗಿಸಿ, ಗೊರಗೊರ ಸದ್ದಿನ ನಡುವೆ ಏಳುತ್ತ ಬೀಳುತ್ತ ಬರುವ ಕನ್ನಡವನ್ನು ಕಿವಿಗೊಟ್ಟು ಕೇಳುವುದು ಹಿರಿಯರಿಗೆ ನಿತ್ಯಕರ್ಮವಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೀಡಿಯಂ ವೇವ್ ಪ್ರಸಾರದಲ್ಲಿ ಸುಮಾರು 5 ಕಿಲೋಹರ್ಟ್ಸಿನ ಮೇಲಿನ ನಾದ ಮನೆಯ ರೇಡಿಯೋವರೆಗೆ ಬಂದು ಮುಟ್ಟುವುದೇ ಇಲ್ಲವೆನ್ನಬಹುದು. 'ಸ'ಕಾರದ ಜೀವವಿರುವುದು ಬಹುಮಟ್ಟಿಗೆ ಅದಕ್ಕೂ ಮೇಲೆ. ಆದರೂ ಹಿರಿಯರಿಗೆ ಮಾತು ತಪ್ಪದೆ ತಿಳಿಯುತ್ತಿತ್ತು. ಕಾರಣ, ಬಾರದ ಅಕ್ಷರವನ್ನು ಅವರ ನೆನಪೇ ತುಂಬಿಕೊಡುತ್ತಿತ್ತು. ತೆಲುಗು ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುವ ಮಗುವಿಗೆ ಆ ನೆನಪಿನ ಗಂಟು ಎಲ್ಲಿಂದ ಬರಬೇಕು? ಹಿರಿಯರಿಗೆ ಸಾಕಾದ ದನಿ ಮಕ್ಕಳಿಗೆ ಸಾಲದು. ಮನೆಯಲ್ಲಿ ಕನ್ನಡ ಕೇಳುವ ಮಾತು ಬಂದಾಗಲೆಲ್ಲ ನಮ್ಮನ್ನು ಕಾಡುವ ಸಂಗತಿ ಇದೇ.

ಆ ತೀರ ನಮ್ಮವರಿಗೆ ಬರಿದಾದ ಪರದೇಶವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪಿಟೀಲು ವಿದ್ವಾನ್ ದ್ವಾರಂ ವೆಂಕಟಸ್ವಾಮಿ ನಾಯಡು ಅವರು ಹುಟ್ಟಿದ್ದು 1893ರಲ್ಲಿ, ನಮ್ಮ ಬೆಂಗಳೂರಿನಲ್ಲಿ, ಬೆಳೆದದ್ದು ವಿಶಾಖಪಟ್ಟಣದಲ್ಲಿ. ವಿಜಯವಾಡ ಬಾನುಲಿಯ 'ಭಕ್ತಿರಂಜನಿ'ಯೊಡನೆ ಹೆಸರು ಬೆಸೆದುಕೊಂಡ ಮಂಗಳಂಪಲ್ಲಿ ಬಾಲಮುರಳಿಕೃಷ್ಣರು ಜಿ.ವಿ. ಅಯ್ಯರ್ ಅವರ ಕನ್ನಡ ಚಿತ್ರ 'ಹಂಸಗೀತೆ'ಗೆ (1975) ಹಾಡಿ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಪಡೆದರು. ನಾದದ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು.

ಬದಲಾವಣೆ ತಂದದ್ದು ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂತು. ಬೇಸಿಗೆ ರಜೆಗೆ ಊರಿಗೆ ಹೋದವರು ಹಪ್ಪಳ ಸಂಡಿಗೆಯ ಜೊತೆಗೆ ಧ್ವನಿಸುರುಳಿಯನ್ನೂ ಕಟ್ಟಿಕೊಂಡು ಬರತೊಡಗಿದರು. ಇನ್ನು ರಾತ್ರಿಗಾಗಿ ಕಾಯಬೇಕಿಲ್ಲ, ಅಕ್ಷರವೂ ಪೂರ್ತಿ ಬರುತ್ತದೆ. ಆದರೆ ಅದನ್ನು ಪೂರ್ತಿಯಾಗಿ ನುಡಿಸುವ ಪೆಟ್ಟಿಗೆ ಬೇಕಲ್ಲ!

ಆ ಪೆಟ್ಟಿಗೆಯ ಕಥೆ ದೂರದ್ದು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಇಂದಿನ ಮಾದರಿಯ ಸುರುಳಿ ಮತ್ತು ಕಾಗದದ ಶಂಕುವಿನ ಸ್ಪೀಕರನ್ನು ವಿವರಿಸಿದರು. ಆಮೇಲಿನ ಸಮಸ್ಯೆ ಗಾತ್ರದ್ದು. ತಗ್ಗು ಸ್ವರ ಚೆನ್ನಾಗಿ ಬರಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆಗೂಡಿ ಒಂದು ಉಪಾಯ ಮಾಡಿದರು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಾಗಿ ಮಾಡಿಕೊಂಡರು. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿದರೆ ಹಿಡಿ ಮರಳಿ ಪುಟಿಯುವುದಿಲ್ಲವೆ, ಅದೇ ತತ್ತ್ವ. ಸ್ಪೀಕರು ಕಪಾಟಿಗೆ ಏರಿತು.

ಇದಕ್ಕೆ ದಂಡ ತೆರಬೇಕಾಯಿತು. ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್‌ನ ಮಗ ಆಂಟನ್ ಹಾಫ್‌ಮನ್ ಅದನ್ನು ನಿಯಮವಾಗಿಯೇ ಹೇಳಿದ: ಚಿಕ್ಕ ಪೆಟ್ಟಿಗೆ, ಆಳವಾದ ತಗ್ಗು ಸ್ವರ, ಕಡಿಮೆ ಶಕ್ತಿಯಲ್ಲಿ ದೊಡ್ಡ ದನಿ, ಈ ಮೂರರಲ್ಲಿ ಎರಡು ಮಾತ್ರ ದಕ್ಕುತ್ತವೆ. ಹಳೆಯ ವಾಲ್ವ್ ರೇಡಿಯೋ ಮೂರು ನಾಲ್ಕು ವ್ಯಾಟಿನಲ್ಲಿ ಮನೆ ತುಂಬ ಹಾಡುತ್ತಿತ್ತು. ಅದಕ್ಕಿಂತ 10 ಡೆಸಿಬೆಲ್ ಮಂದವಾದ ಚಿಕ್ಕ ಪೆಟ್ಟಿಗೆಗೆ ಅದೇ ದನಿ ಬರಲು ಹತ್ತುಪಟ್ಟು ವ್ಯಾಟು ಬೇಕು. ಟ್ರಾನ್ಸಿಸ್ಟರಿನಿಂದ ವ್ಯಾಟು ಅಗ್ಗವಾಗಿರದಿದ್ದರೆ ಕಪಾಟಿನ ಸ್ಪೀಕರು ಶ್ರೀಮಂತರ ಆಟಿಕೆಯಾಗಿಯೇ ಉಳಿಯುತ್ತಿತ್ತು.

ನಮಗೆ ಹೆಚ್ಚು ಹಿಡಿಸುವುದು ಬಿ.ಬಿ.ಸಿ.ಯ ದಾರಿ. ಅವರ ತಂತ್ರಜ್ಞರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿಗೆ ಹೊಂದುವಂತೆ ಎಲ್‌ಎಸ್ 3/5ಎ ಎಂಬ ಸ್ಪೀಕರನ್ನು ರೂಪಿಸಿದರು. ಎತ್ತರ ಸುಮಾರು 30 ಸೆಂಟಿಮೀಟರ್, ಒಳಗಿನ ಜಾಗ 5 ಲೀಟರ್. ಗೋಡೆ ನಡುಗಿಸುವ ಆಸೆಯನ್ನು ಮೊದಲೇ ಬಿಟ್ಟು, ಮನುಷ್ಯನ ಮಾತು ಮಾತಿನಂತೆಯೇ ಕೇಳಬೇಕು ಎಂಬುದನ್ನು ಗುರಿಯಾಗಿಟ್ಟುಕೊಂಡರು. ಆ ಹೆಸರಿನ ಪೆಟ್ಟಿಗೆ ನಮ್ಮ ಸಂಬಳಕ್ಕೆ ಎಟುಕದು. ಆದರೆ ಅದರ ವಿವೇಕಕ್ಕೆ ಕಾಸು ಕೊಡಬೇಕಿಲ್ಲ.

ಈಗ ವಿಜಯವಾಡದ ಅಂಗಡಿಯೊಳಕ್ಕೆ ಬರೋಣ. ಕೊಳ್ಳುವವರ ಎದೆಗೆ ಡೋಲಿನ ಪೆಟ್ಟು ತಾಗುವಂಥ ಚಿತ್ರಗೀತೆಯನ್ನೇ ಅಂಗಡಿಯವರು ಹಾಕುತ್ತಾರೆ. ಅದು ಅವರ ಧರ್ಮ. ನಾವು ನಮ್ಮ ಧ್ವನಿಮುದ್ರಿಕೆಯನ್ನೇ ಒಯ್ಯಬೇಕು. ಕನ್ನಡ ವಾರ್ತೆ, ಒಂದು ವಚನ, ದ್ವಾರಂ ಅವರದೋ ಇನ್ನಾರದೋ ಪಿಟೀಲು, ಇಷ್ಟು ಸಾಕು. ತಗ್ಗು ಸ್ವರ ಅತಿಯಾದರೆ ಅದು ಮೇಲಿನ ಅಕ್ಷರಗಳನ್ನು ಮುಸುಕುತ್ತದೆಂಬುದು ಶ್ರವಣಶಾಸ್ತ್ರ ಬಲ್ಲ ಸಂಗತಿ. ಅದರಲ್ಲೂ ಕ್ವಾರ್ಟರ್ಸಿನ ಹತ್ತಡಿಯ ಕೋಣೆ, ಬರಿ ಗೋಡೆ, ಮೊಸಾಯಿಕ್ ನೆಲವಾದರೆ ಕೇಳುವುದೇ ಬೇಡ. ಸ್ಪೀಕರನ್ನು ಮೂಲೆಗೆ ತುರುಕಿದರೆ ಗುಮ್ಮೆನ್ನುವ ಸದ್ದು ಇಮ್ಮಡಿಸುತ್ತದೆ. ಗೋಡೆಗೆ ಒತ್ತಿ ಇಡುವುದೇ ಅನಿವಾರ್ಯವಾದರೆ ಹಿಂದೆ ತೂತಿರುವ ಪೆಟ್ಟಿಗೆಗಿಂತ ಮುಚ್ಚಿದ ಪೆಟ್ಟಿಗೆ ಮೇಲು.

ವಿಶಾಖಪಟ್ಟಣದವರಿಗೆ ಇನ್ನೊಂದು ಮಾತು. ಕಡಲಿನ ಉಪ್ಪುಗಾಳಿ ತಂತಿಯ ತುದಿಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಮರದ ಹೊಟ್ಟಿನ ಹಲಗೆ ತೇವಕ್ಕೆ ಉಬ್ಬುತ್ತದೆ. ಶಂಕುವಿನ ಸುತ್ತ ಇರುವ ಫೋಮಿನ ಅಂಚು ಸೆಕೆಗೂ ತೇವಕ್ಕೂ ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗಿ ಉದುರುವುದನ್ನು ನೆರೆಮನೆಗಳಲ್ಲಿ ಕಂಡಿದ್ದೇವೆ. ಒಳ್ಳೆಯ ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಅಂಗಡಿಯಲ್ಲಿ ಮುಂದಿನ ಬಟ್ಟೆ ತೆಗೆಸಿ, ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಿದರೆ ಫೋಮೋ ರಬ್ಬರೋ ತಿಳಿಯುತ್ತದೆ.

ಹಣ ಸಾಲದಿದ್ದರೆ ದೊಡ್ಡ ಜೊತೆಯನ್ನು ಕಂತಿನಲ್ಲಿ ತರುವುದಕ್ಕಿಂತ ಚಿಕ್ಕದಾದ, ಮಾತು ಸ್ಪಷ್ಟವಾದ ಜೊತೆಯೇ ಇರಲಿ. ಕೊಳ್ಳುವ ಮುನ್ನ ಮನೆಯ ಚಿಕ್ಕ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಅದು ಹಿಂದೆ ಕೇಳಿರದ ಕನ್ನಡ ಹಾಡೊಂದನ್ನು ಹಾಕಿಸಿ, ಕೇಳಿದ ಸಾಲನ್ನು ಅದರ ಬಾಯಲ್ಲಿ ಹೇಳಿಸಿರಿ. ಯಾವ ಪೆಟ್ಟಿಗೆಯಲ್ಲಿ ಮಗು ಹೆಚ್ಚು ಅಕ್ಷರ ಸರಿಯಾಗಿ ಹೇಳಿತೋ ಅದಕ್ಕೆ ರಸೀತಿ ಬರೆಸಬಹುದು.